ದೋಣಿ ಹೊತ್ತ ಗಾಡಿಗೆ ಹೊಸ ಗಾಳಿಚೀಲ

ಹಿಮ ಬೀಳುವ ಮೊದಲು ಬೆಟ್ಟದ ಮೇಲಿನಿಂದ ಅಪ್ಪನ ದೋಣಿ ಇಳಿಸಿ ತರಬೇಕು. ಈ ವರ್ಷ ಬಿಟ್ಟರೆ ಇನ್ನಿಲ್ಲ.

ಸರೋವರದ ನೀರು ಹೊರಬೀಳುವ ಬಾಯಿಗೆ ಹೊಸ ಅಣೆಕಟ್ಟು ಎದ್ದಿತ್ತು. ಚಳಿಗಾಲ ಕಳೆದು ಹಿಮ ಕರಗಿತೆಂದರೆ ನೀರು ಏರಿ ದಂಡೆಯ ಮರದ ಮನೆಯನ್ನೂ ಅದರ ಪಕ್ಕದ ದೋಣಿಕೊಟ್ಟಿಗೆಯನ್ನೂ ನುಂಗಲಿತ್ತು. ಅಪ್ಪ ಮೀನುಗಾರಿಕೆ ಇಲಾಖೆಯವರು. ಸರೋವರದ ಮೀನು ಎಣಿಸುವುದು ಅವರ ಕೆಲಸ. ಬೇಸಿಗೆ ರಜೆ ಬಂತೆಂದರೆ ಮಕ್ಕಳಿಬ್ಬರನ್ನೂ ಗಾಡಿಗೆ ತುಂಬಿಕೊಂಡು ಮೇಲೆ ಹತ್ತಿಬಿಡುತ್ತಿದ್ದರು. ಶಾಲೆ ತೆರೆಯುವವರೆಗೆ ಇಳಿಯುವ ಮಾತಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕೆಳಗೆ ಗಾಡಿ ಉಳಿದಿತ್ತು, ಮೇಲೆ ದೋಣಿ ಉಳಿದಿತ್ತು.

ಹೊರಟವರು ಮೂವರು. ಅಕ್ಕ ಊರಿನ ಬಸ್ಸು ಓಡಿಸುವವಳು. ಎಂಥ ತಿರುವು ಕಂಡರೂ ಅವಳ ಮುಖದಲ್ಲಿ ಒಂದು ಗೆರೆ ಬದಲಾಗದು. ತಮ್ಮ ಶಾಲೆಯಲ್ಲಿ ಭೂಗೋಳ ಹೇಳುವ ಮೇಷ್ಟ್ರು. ಮೂರನೆಯವರು ಚಿಕ್ಕಪ್ಪ, ಅಪ್ಪನ ಬೆನ್ನಿಗೆ ಹುಟ್ಟಿದವರು. ಕ್ರೇನ್ ನಡೆಸಿ ನಿವೃತ್ತರಾದವರು. ಆ ದೋಣಿಗೆ ಹಲಗೆ ಕೊಯ್ದು ಮೊಳೆ ಹೊಡೆದದ್ದರಲ್ಲಿ ಅವರದೂ ಅರ್ಧ ಪಾಲು. "ನನ್ನನ್ನು ಬಿಟ್ಟು ಹೋದ್ರೋ, ವಾಪಸ್ ಬಂದಾಗ ಬಾಗಿಲು ತೆಗೆಯಲ್ಲ," ಎಂದು ಮೊದಲೇ ಹೆದರಿಸಿಟ್ಟಿದ್ದರು.

ಆದರೆ ಗಾಡಿಯೇ ಕೈಕೊಡುವಂತಿತ್ತು. ಅಪ್ಪನ ಕಾಲದ ಆ ಫೋರ್ ವೀಲ್ ಡ್ರೈವ್ ಗಾಡಿಗೆ ಹಿಂದೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ಅದರ ಜಾಗದಲ್ಲಿ ಎರಡು ಚಕ್ರಗಳ ಬಳಿ ಒಂದೊಂದು ದಪ್ಪ ರಬ್ಬರಿನ ಗಾಳಿಚೀಲ. ಒಳಗಿನ ಕಂಪ್ರೆಸರ್ ಅವಕ್ಕೆ ಗಾಳಿ ತುಂಬಿ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ. ಹೊರಡುವ ಬೆಳಗ್ಗೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಚಕ್ರದ ಸಂದಿಗೆ ಕೈ ತೂರಿಸಿ ಚೀಲದ ಮೇಲೆ ಸೋಪಿನ ನೀರು ಸವರಿದ. ರಬ್ಬರು ಮಡಚಿಕೊಳ್ಳುವ ಕಡೆಯೆಲ್ಲ ಬಿಳಿ ಗುಳ್ಳೆಗಳು ಬುಸುಬುಸು ಎದ್ದವು.

"ಎರಡೂ ಸೋರ್ತಿವೆ. ನೀವು ಹೇಳಿದ್ದ ಹೊಸ ಚೀಲ ಈಗ ತಾನೇ ಬಂದಿವೆ. ಗಾಡಿ ಬಿಟ್ಟು ಹೋಗಿ, ನಾಳಿದ್ದು ಕೊಡ್ತೀನಿ."

"ನಾಳಿದ್ದು ಕಣಿವೆದಾರಿ ಮುಚ್ತಾರಂತೆ," ಎಂದಳು ಅಕ್ಕ. "ಬಿಚ್ಚೋದು ಹೇಗೆ, ಹಾಕೋದು ಹೇಗೆ ತೋರಿಸಿಕೊಡಿ. ಚೀಲ ಜೊತೆಗೇ ಒಯ್ತೀವಿ."

ಮೆಕ್ಯಾನಿಕ್ ಅವಳ ಮುಖ ನೋಡಿದ. ವಾದ ಮಾಡಿ ಪ್ರಯೋಜನವಿಲ್ಲ ಎಂದು ತಿಳಿದು ಗಾಡಿಯಡಿಗೆ ತೆವಳಿದ. ಅಕ್ಕನೂ ಪಕ್ಕದಲ್ಲಿ ಮಲಗಿದಳು. ಮೇಲೆ ಎರಡು ಕ್ಲಿಪ್ಪು, ಕೆಳಗೆ ಅಚ್ಚಿಗೆ ಸೇರಿಸಿದ ಒಂದು ಪಿನ್ನು, ಒಂದು ಸಣ್ಣ ಗಾಳಿ ಪೈಪು. ನೋಡಲು ಇಷ್ಟೇ.

"ಒಂದು ಮಾತು ಮಾತ್ರ ಮರೀಬೇಡಿ," ಎಂದ ಮೆಕ್ಯಾನಿಕ್ ಹೊರಗೆ ಬಂದು. "ಗಾಳಿ ತುಂಬೋಕೆ ಮುಂಚೆ ಗಾಡಿಯ ಭಾರ ಚೀಲದ ಮೇಲೆ ಬಿಡಬೇಡಿ. ಬಿಟ್ರೆ ಹೊಸದೂ ಹಾಳು."

ಹತ್ತುವಾಗ ಗಾಡಿ ಖಾಲಿ. ಸೋರುವ ಚೀಲಗಳು ಹೇಗೋ ತಡೆದುಕೊಂಡವು. ಊರಿನ ತಗಡಿನ ಮಾಡುಗಳು ಕೆಳಗುಳಿದವು. ಪೈನ್ ಮರಗಳು ಮೊದಲು ದಟ್ಟವಾಗಿ, ಆಮೇಲೆ ವಿರಳವಾಗಿ, ಕೊನೆಗೆ ಗಾಳಿಗೆ ಬೆನ್ನು ಬಗ್ಗಿಸಿದ ಕುಳ್ಳ ಮರಗಳಾಗಿ ಹಿಂದೆ ಸರಿದವು. ಕಣಿವೆದಾರಿ ದಾಟಿದರೆ ಬರಿಯ ಕಲ್ಲು, ಕಂದು ಹುಲ್ಲು, ಆಕಾಶ. ಪ್ರತಿ ತಿರುವಿಗೂ ಒಬ್ಬರಲ್ಲ ಒಬ್ಬರಿಗೆ ಏನೋ ನೆನಪು. ಇಲ್ಲಿ ತಮ್ಮ ವಾಂತಿ ಮಾಡಿಕೊಂಡಿದ್ದು, ಅಲ್ಲಿ ಅಪ್ಪ ಗಾಡಿ ನಿಲ್ಲಿಸಿ ಹದ್ದು ತೋರಿಸಿದ್ದು.

"ವಾಂತಿ ಮಾಡಿದ್ದು ನಾನಲ್ಲ, ಇವಳು," ಎಂದ ತಮ್ಮ.

"ನನ್ನ ಚಪ್ಪಲಿ ಮೇಲೆ ಬಿದ್ದಿದ್ದು ನನಗೆ ನೆನಪಿರಲ್ವೇನೋ?"

ಕೊನೆಗೆ ಸರೋವರ ಕಂಡಿತು. ನೀರು ಬೂದು ಬಣ್ಣಕ್ಕೆ ತಿರುಗಿ ಅಲುಗಾಡದೆ ಬಿದ್ದಿತ್ತು. ಮರದ ಮನೆಯ ಬಾಗಿಲು ಉಬ್ಬಿಕೊಂಡಿತ್ತು; ತಮ್ಮ ಹೆಗಲು ಕೊಟ್ಟು ನೂಕಿದ. ಒಳಗೆ ಒಂದರ ಮೇಲೊಂದು ಮಲಗುವ ಹಲಗೆಗಳು, ಅಂಚಿನಲ್ಲಿ ಚಕ್ಕೆ ಎದ್ದ ಪಿಂಗಾಣಿ ಬೋಗುಣಿ, ಮೀನು ಹಿಡಿಯುವ ಬಲೆಯ ಖಾಲಿ ಚೌಕಟ್ಟು. ಕಿಟಕಿಯ ಒಂದು ಗಾಜು ಒಡೆದ ಕಡೆ ಅಪ್ಪ ಸಿಗರೇಟು ಪ್ಯಾಕಿನ ರಟ್ಟು ಕತ್ತರಿಸಿ ಅಂಟಿಸಿದ್ದು ಹಾಗೇ ಇತ್ತು. ಅಕ್ಕ ಅದನ್ನು ಬೆರಳಿನಿಂದ ಮುಟ್ಟಿ, ಕೀಳದೆ ಬಿಟ್ಟಳು.

ದೋಣಿಕೊಟ್ಟಿಗೆಯಲ್ಲಿ ಡಾಂಬರಿನ ವಾಸನೆ. ಬೋರಲು ಮಲಗಿದ್ದ ದೋಣಿಯ ಬೆನ್ನಿಗೆ ಚಿಕ್ಕಪ್ಪ ಅಂಗೈಯಿಂದ ತಟ್ಟಿದರು, ದನದ ಬೆನ್ನು ತಟ್ಟುವ ಹಾಗೆ. "ಗಟ್ಟಿಯಾಗಿದೀಯಲ್ಲೇ!" ಎಂದರು. ಆ ಸಂಜೆ ಅದನ್ನು ಗಾಡಿಯ ತಲೆಯ ಮೇಲೆ ಏರಿಸಿ ಬಿಗಿದರು. ಗಾಡಿಯ ಹಿಂಭಾಗ ನಿಟ್ಟುಸಿರು ಬಿಟ್ಟು ತುಸು ಕುಸಿಯಿತು.

ಬೆಳಗ್ಗೆ ನೋಡಿದರೆ ಪೂರ್ತಿ ಕೂತುಬಿಟ್ಟಿತ್ತು. ಇಂಜಿನ್ ಹಚ್ಚಿದ ಮೇಲೆ ಕಂಪ್ರೆಸರ್ ಗೊರಗೊರ ಎನ್ನುತ್ತ ಗಾಡಿಯನ್ನು ಕಷ್ಟಪಟ್ಟು ಎಬ್ಬಿಸಿತು.

"ಇಲ್ಲೇ ಬದಲಾಯಿಸೋಣ ಕಣೇ," ಎಂದ ತಮ್ಮ.

ಅಕ್ಕ ಆಕಾಶ ನೋಡಿದಳು. ಪಶ್ಚಿಮದ ಶಿಖರಗಳು ಆಗಲೇ ಮೋಡದೊಳಗೆ ಮಾಯವಾಗಿದ್ದವು. "ಕಣಿವೆದಾರಿ ಆಚೆ ರಸ್ತೆ ಕೆಲಸದವರ ಶೆಡ್ ಇದೆ. ಅಲ್ಲಿವರೆಗೆ ತಡೆದುಕೊಂಡ್ರೆ ಸಾಕು."

ತಡೆದುಕೊಳ್ಳಲಿಲ್ಲ.

ಬೆಟ್ಟದ ಪಕ್ಕೆ ಕಡಿದು ಮಾಡಿದ ದಾರಿ ಅದು. ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ. ಅರ್ಧ ದಾರಿಯಲ್ಲಿ ಎಡಗಡೆ ಹಿಂದಿನಿಂದ ಫಟ್ ಎಂದು ಸದ್ದಾಯಿತು. ಗಾಡಿ ಎಡಕ್ಕೆ ವಾಲಿತು. ಮೇಲಿದ್ದ ದೋಣಿ ಹಗ್ಗವನ್ನು ಜಗ್ಗಿ ಕಿರುಗುಟ್ಟಿತು.

ಅಕ್ಕ ಬ್ರೇಕ್ ತುಳಿದಳು. ರಬ್ಬರು ಸುಟ್ಟ ವಾಸನೆ. ಟೈರು ಮೇಲಿನ ತಗಡಿಗೆ ಉಜ್ಜಿ ನಿಂತಿತ್ತು.

"ಯಾರೂ ಅಲುಗಾಡಬೇಡಿ," ಎಂದಳು. "ಚಿಕ್ಕಪ್ಪ, ನೀವು ಬಲಗಡೆಯಿಂದ ಇಳೀರಿ. ನಿಧಾನ. ಆಮೇಲೆ ನೀನು."

ಕೊನೆಗೆ ಅವಳೂ ಬಲಗಡೆಯಿಂದಲೇ ಇಳಿದಳು. ತಮ್ಮ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಚಿಕ್ಕಪ್ಪ ಉದ್ದದ ಹಗ್ಗವನ್ನು ದೋಣಿಗೂ ಗಾಡಿಯ ಚೌಕಟ್ಟಿಗೂ ಸುತ್ತಿ, ಬಂಡೆಯ ಮೂತಿಗೆ ಹಾಕಿ ಬಿಗಿದರು. ಬೆರಳುಗಳು ಚಳಿಗೆ ಸೆಟೆದಿದ್ದರೂ ಗಂಟು ತಪ್ಪಲಿಲ್ಲ.

ಅಕ್ಕ ಜಾಕ್ ಇಟ್ಟು ಅದರ ಹಿಡಿ ಒತ್ತಿದಳು. ಗಾಡಿ ಏಳಲಿಲ್ಲ. ಜಾಕ್ ಸಡಿಲ ಜಲ್ಲಿಯಲ್ಲಿ ಹೂತುಕೊಂಡಿತು. ತೆಗೆದು ಚಪ್ಪಟೆ ಕಲ್ಲಿನ ಮೇಲಿಟ್ಟಳು. ಕಲ್ಲು ಎರಡು ಹೋಳಾಯಿತು.

"ಅಗಲವಾದ ಹಲಗೆ ಬೇಕು," ಎಂದಳು.

ಸುತ್ತ ಎಲ್ಲೂ ಮರವಿಲ್ಲ. ಮೂವರ ಕಣ್ಣೂ ಮೇಲೆ ಹೋಯಿತು. ದೋಣಿಯ ನಡುವೆ ಕೂರುವ ಹಲಗೆ ಇತ್ತು. ಅಪ್ಪ ಕೂತು ಹುಟ್ಟು ಹಾಕುತ್ತಿದ್ದ ಜಾಗ. ಮೊದಲ ಹಿಮದ ಹರಳು ಗಾಡಿಯ ಗಾಜಿನ ಮೇಲೆ ಬಂದು ಕೂತಿತು.

"ನೋಡ್ತಾ ನಿಂತ್ರೆ ಅದೇನು ತಾನಾಗಿ ಇಳಿದು ಬರುತ್ತಾ?" ಚಿಕ್ಕಪ್ಪ ಗದರಿದರು. "ಸ್ಕ್ರೂಡ್ರೈವರ್ ಕೊಡು. ಹಾಕಿದ್ದು ನಾನೇ, ಬಿಚ್ಚೋದೂ ನಾನೇ."

ತಮ್ಮನ ಹೆಗಲ ಮೇಲೆ ಕಾಲಿಟ್ಟು, ಬೋರಲು ದೋಣಿಯಡಿಗೆ ತಲೆ ತೂರಿಸಿ ಅವರು ಹಲಗೆ ಬಿಚ್ಚಿದರು. ಅಕ್ಕ ಅದರ ಮೇಲೆ ಜಾಕ್ ಇಟ್ಟಳು. ಚಿಕ್ಕಪ್ಪ ಎದುರು ನಿಂತು, ಕ್ರೇನಿನವರಿಗೆ ಸನ್ನೆ ಮಾಡುವ ಹಾಗೆ ಬೆರಳು ಮೇಲೆ ತಿರುಗಿಸಿದರು: ಎತ್ತು, ಎತ್ತು. ಮುಷ್ಟಿ ಕಟ್ಟಿದರು: ನಿಲ್ಲು. ಹಲಗೆ ಚಟಚಟ ಎಂದಿತು. ಮುರಿಯಲಿಲ್ಲ. ಗಾಡಿ ಎದ್ದಿತು. ತಮ್ಮ ಬೇಗಬೇಗ ಚೌಕಟ್ಟಿನಡಿ ಜೊತೆಗೆ ತಂದಿದ್ದ ಕಬ್ಬಿಣದ ಆಸರೆ ಸೇರಿಸಿ, ಚಕ್ರ ಬಿಚ್ಚಿದ.

ಅಕ್ಕ ಸಂದಿಯೊಳಗೆ ಕೈ ಹಾಕಿದಳು. ಬೆನ್ನ ಹಿಂದೆ ಎರಡು ಹೆಜ್ಜೆ ಇಟ್ಟರೆ ಪ್ರಪಾತ. ಕ್ಲಿಪ್ಪುಗಳು ತುಕ್ಕು ಹಿಡಿದಿದ್ದವು. ಒಂದು ಬಂತು. ಇನ್ನೊಂದು ಜಪ್ಪಯ್ಯ ಎಂದರೂ ಬರದು. ಇಕ್ಕಳದಲ್ಲಿ ಹಿಡಿದು ಎಳೆದಾಗ ಜಾರಿ ಅವಳ ಗೆಣ್ಣು ಸುಲಿಯಿತು.

"ನಾನು ಮಾಡ್ಲಾ?" ಎಂದ ತಮ್ಮ.

"ನಿನ್ನ ಕೈ ಸಣ್ಣದು, ಬಾ. ನಾನು ಟಾರ್ಚ್ ಹಿಡೀತೀನಿ."

ತಮ್ಮ ಹೊಟ್ಟೆಯ ಮೇಲೆ ಮಲಗಿ ಕ್ಲಿಪ್ಪನ್ನು ಅತ್ತಿತ್ತ ಅಲುಗಿಸಿ ಬಿಡಿಸಿದ. ಪೈಪಿನ ಬುಡದ ಉಂಗುರ ಒತ್ತಿದಾಗ ಪೈಪು ಬಿಟ್ಟುಕೊಂಡಿತು. ಕೆಳಗಿನ ಪಿನ್ನು ಎಳೆದ. ಹರಿದ ಚೀಲ ಕೈಗೆ ಬಂತು, ಸತ್ತ ಮೀನಿನಷ್ಟು ಜೋಲುಜೋಲಾಗಿ.

ಹೊಸ ಚೀಲ ಕೂರಿಸಿ, ಪಿನ್ನು ಕ್ಲಿಪ್ಪು ಹಾಕಿ, ಪೈಪಿನ ಹಳೆಯ ತುದಿಯನ್ನು ಚಾಕುವಿನಿಂದ ಕತ್ತರಿಸಿ ಒಳಗೆ ತಳ್ಳಿದ. ಅಕ್ಕ ಇಂಜಿನ್ ಹಚ್ಚಿದಳು. ಕಂಪ್ರೆಸರ್ ಗೊರಗುಟ್ಟಿತು. ಚೀಲ ಉಬ್ಬಲು ಶುರುವಾಯಿತು, ಜೊತೆಗೆ ಸುಯ್ ಎಂಬ ಸದ್ದೂ. ಚಿಕ್ಕಪ್ಪ ಬಾಟಲಿಯಲ್ಲಿ ತಂದಿದ್ದ ಸೋಪಿನ ನೀರು ಸುರಿದರು. ಪೈಪಿನ ಬುಡದಲ್ಲಿ ಗುಳ್ಳೆ.

ಅಷ್ಟರಲ್ಲಿ ಕಂಪ್ರೆಸರ್ ಕೂಡ ನಿಂತುಹೋಯಿತು. ಬೆಳಗಿನಿಂದ ದುಡಿದು ಮುಟ್ಟಲಾಗದಷ್ಟು ಕಾದಿತ್ತು.

"ಸುಟ್ಟು ಹೋಯ್ತಾ?" ತಮ್ಮನ ದನಿ ಸಣ್ಣಗಾಗಿತ್ತು.

"ಗೊತ್ತಿಲ್ಲ. ಆರಲಿ ಬಿಡು." ಅಕ್ಕ ಪೈಪು ಹೊರಗೆ ಎಳೆದು ತುದಿ ನೋಡಿದಳು. "ಓರೆಯಾಗಿ ಕತ್ತರಿಸಿದ್ದೀಯ, ಮೇಷ್ಟ್ರೇ. ತುದಿ ನೆಟ್ಟಗಿಲ್ಲದಿದ್ರೆ ಕೂರಲ್ಲ."

"ಬೆರಳು ಮರಗಟ್ಟಿತ್ತು ಕಣೇ."

"ನನ್ನದೂ ಅಷ್ಟೇ. ಕಲ್ಲಿನ ಮೇಲಿಟ್ಟು ಒತ್ತಿ ಕತ್ತರಿಸು."

ಈ ಸಲ ತುದಿ ನೆಟ್ಟಗೆ ಬಂತು; ತಮ್ಮ ಪೈಪನ್ನು ಮತ್ತೆ ಒಳಗೆ ತಳ್ಳಿದ. ಚಿಕ್ಕಪ್ಪ ಕರವಸ್ತ್ರದಲ್ಲಿ ಹಿಮ ಕಟ್ಟಿ ಕಂಪ್ರೆಸರಿನ ಮೈಗೆ ಒತ್ತಿದರು, ಜ್ವರದ ಹಣೆಗೆ ಪಟ್ಟಿ ಹಾಕಿದ ಹಾಗೆ. ದಾರಿಯಲ್ಲಿ ತಾವು ಬಂದ ಚಕ್ರದ ಗುರುತು ಬಿಳಿಯಾಗಿ ಅಳಿಸಿಹೋಗುತ್ತಿತ್ತು. ಮೂವರೂ ಬಂಡೆಗೆ ಬೆನ್ನು ಕೊಟ್ಟು ಅಂಟಿಕೊಂಡು ಕೂತರು.

"ನೆನಪಿದೆಯಾ," ಎಂದ ತಮ್ಮ, "ಬೆಳಗ್ಗೆ ಅಪ್ಪ ಗಾಡಿ ಚಾಲೂ ಮಾಡೋಕೆ ಮುಂಚೆ ನಾವಿಬ್ಬರೂ ಓಡಿ ಹೋಗಿ ಹಿಂದಿನ ಬಂಪರ್ ಮೇಲೆ ಕೂರ್ತಿದ್ದಿದ್ದು? ಗಾಡಿ ನಮ್ಮನ್ನ ಕೂರಿಸಿಕೊಂಡೇ ಮೇಲೆ ಏಳ್ತಿತ್ತು."

"ಆನೆ ಏಳ್ತಿದೆ, ಆನೆ ಏಳ್ತಿದೆ ಅಂತ ನೀನು ಕಿರುಚ್ತಿದ್ದೆ."

"ಅಪ್ಪ ಬೇಕಂತಲೇ ಇಳಿಸಿ ಮತ್ತೆ ಎತ್ತೋರು. ಕಂಪ್ರೆಸರ್ ಹಾಳಾಗುತ್ತೆ ಅಂತ ಅಮ್ಮ ಬೈಯೋಳು."

ಅಕ್ಕ ನಕ್ಕಳು. ಕಣ್ಣು ಒರೆಸಿಕೊಂಡಾಗ ಕೆನ್ನೆಯ ಮೇಲೆ ಕರಿ ಮಸಿಯ ಗೆರೆ ಮೂಡಿತು.

ಚಿಕ್ಕಪ್ಪ ಕಂಪ್ರೆಸರಿನ ಮೇಲೆ ಅಂಗೈ ಇಟ್ಟು ನೋಡಿ, "ಜ್ವರ ಇಳಿದಿದೆ," ಎಂದರು.

ಅಕ್ಕ ಕೀಲಿ ತಿರುಗಿಸಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೊರ್ ಎಂದಿತು. ಸೋಪಿನ ನೀರಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಚೀಲ ತುಂಬಿ ಗಟ್ಟಿಯಾಗುವವರೆಗೆ ಯಾರೂ ಜಾಕ್ ಮುಟ್ಟಲಿಲ್ಲ. ಚಕ್ರ ಹಾಕಿ, ಆಸರೆ ತೆಗೆದು, ಕೂದಲೆಳೆಯಷ್ಟೇ ಇಳಿಸುತ್ತ ಬಂದರು. ಗಾಡಿ ನೆಟ್ಟಗೆ ನಿಂತಿತು. ತಮ್ಮ ಸದ್ದೇ ಬರದಂತೆ ಚಪ್ಪಾಳೆ ತಟ್ಟಿದ.

ಕಣಿವೆದಾರಿಯನ್ನು ಅವರು ದಾಟುವ ಹೊತ್ತಿಗೆ ಗಾಜಿನಾಚೆ ಕಾಣುತ್ತಿದ್ದದ್ದು ಬಿಳಿಯೊಂದೇ. ತಮ್ಮ ಮುಂದೆ ನಡೆದು ಕೈ ಬೀಸಿ ದಾರಿ ತೋರಿಸಿದ. ಅಕ್ಕ ಅವನ ಕೆಂಪು ಟೋಪಿಯನ್ನೇ ನೋಡಿಕೊಂಡು ಓಡಿಸಿದಳು. ಆಚೆ ಬದಿಯ ಶೆಡ್ಡಿನಲ್ಲಿ ರಸ್ತೆ ಕೆಲಸದವರು ಒಲೆಯ ಮುಂದೆ ಸಾಕ್ಸ್ ಒಣಗಿಸುತ್ತ ಕೂತಿದ್ದರು. ದೋಣಿ ಹೊತ್ತು ಬಂದ ಗಾಡಿ ಕಂಡು ಒಬ್ಬ ಬಾಯಿ ತೆರೆದವನು ಮುಚ್ಚಲಿಲ್ಲ.

"ಪ್ರವಾಹ ಏನಾದ್ರೂ ಬಂತಾ ಮೇಲೆ?" ಎಂದ ಕೊನೆಗೆ.

"ಇನ್ನೂ ಇಲ್ಲ," ಎಂದರು ಚಿಕ್ಕಪ್ಪ. "ಬಿಸಿ ಚಹಾ ಇದೆಯಾ?"

ಮರುದಿನ ಬೆಳಗ್ಗೆ ಅದೇ ಶೆಡ್ಡಿನ ಸಿಮೆಂಟು ನೆಲದ ಮೇಲೆ ಬಲಗಡೆಯ ಚೀಲವನ್ನೂ ಬದಲಾಯಿಸಿದರು. ಸಮತಟ್ಟು ನೆಲ, ಒಲೆಯ ಬಿಸಿ, ಅಕ್ಕಪಕ್ಕದಲ್ಲಿ ಸಲಹೆ ಕೊಡಲು ತುಂಬ ಜನ. ನಿನ್ನೆಯ ಕೆಲಸದ ಮುಂದೆ ಇದು ಆಟದಂತಿತ್ತು. ಕೆಲಸ ಮುಗಿಯುವ ಮೊದಲೇ ಮೇಲಿನ ದಾರಿಗೆ ಅಡ್ಡ ಕಂಬ ಬಿದ್ದು ಕಣಿವೆದಾರಿ ಮುಚ್ಚಿತು. ಗಾಡಿ ಹಗುರಾಗಿ, ಒಮ್ಮೆಯೂ ಗೊಣಗದೆ ಊರಿಗೆ ಇಳಿಯಿತು. ಮೆಕ್ಯಾನಿಕ್ ಟಾರ್ಚ್ ಹಿಡಿದು ಅಡಿಯಲ್ಲಿ ಬಹಳ ಹೊತ್ತು ಇಣುಕಿದ. "ಪರವಾಗಿಲ್ಲ," ಎಂದಷ್ಟೇ ಹೇಳಿ ಎದ್ದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಚಳಿ ಹಿಂದೆ ಸರಿದ ಮೇಲೆ ದೋಣಿಯನ್ನು ಊರಿನ ನದಿಗೆ ಇಳಿಸಿದರು. ಒಣಗಿದ ಹಲಗೆಗಳ ಸಂದಿಯಿಂದ ನೀರು ನುಗ್ಗಿ ದೋಣಿ ದಡದಲ್ಲೇ ಮುಳುಗಿತು. ತಮ್ಮ ಗಾಬರಿಯಾದ.

"ಕುಡೀಲಿ ಬಿಡೋ. ಎಷ್ಟು ವರ್ಷದ ಬಾಯಾರಿಕೆ," ಎಂದರು ಚಿಕ್ಕಪ್ಪ.

ಕೆಲವು ದಿನ ನೆನೆದ ಮೇಲೆ ಮರ ಉಬ್ಬಿ ಸಂದಿಗಳು ಮುಚ್ಚಿಕೊಂಡವು. ನೀರು ಎತ್ತಿ ಹಾಕಿ ಮೂವರೂ ಹತ್ತಿದರು. ಚಿಕ್ಕಪ್ಪ ಮತ್ತೆ ಕೂರಿಸಿದ್ದ ನಡುಹಲಗೆಯ ಮೇಲೆ ಅಕ್ಕ ಹುಟ್ಟು ಹಿಡಿದು ಕೂತಳು. ದಡದ ಮನೆಗಳು, ಒಣಹಾಕಿದ ಬಟ್ಟೆಗಳು, ಸೇತುವೆಯ ಕಮಾನು ಒಂದೊಂದಾಗಿ ಹಿಂದೆ ಸರಿದವು. ಸದಾ ಏನಾದರೂ ಹೇಳುತ್ತಲೇ ಇರುವ ಚಿಕ್ಕಪ್ಪ ನೀರನ್ನೇ ನೋಡುತ್ತ ಕೂತಿದ್ದರು.

"ಯಾಕೆ ಚಿಕ್ಕಪ್ಪ, ಮಾತೇ ಇಲ್ಲ?" ಎಂದಳು ಅಕ್ಕ.

"ಈ ದೋಣೀಲಿ ನಾನು ಯಾವತ್ತು ಮಾತಾಡಿದ್ದೆ? ಅಣ್ಣ ಬಾಯಿ ಮುಚ್ಚಿದರೆ ತಾನೇ." ಅವರು ಕೋಟಿನ ಕಾಲರ್ ಎಳೆದುಕೊಂಡು ಬೆನ್ನು ಒರಗಿಸಿದರು. "ನೀವು ಮಾತಾಡಿ. ನಾನು ಕೇಳ್ತೀನಿ."

ಅಕ್ಕ ಹುಟ್ಟನ್ನು ಒಮ್ಮೆ ನೀರಿಗೆ ಎಳೆದಳು. ದಡದಲ್ಲಿ ನಿಂತಿದ್ದ ಕೊಕ್ಕರೆ ತೋರಿಸಿ, "ನೋಡೋ, ಅದರ ಒಂದು ಕಾಲು ಎಲ್ಲಿ ಹೋಯ್ತು?" ಎಂದಳು.

"ಮಡಚಿ ಇಟ್ಟುಕೊಂಡಿದೆ," ಎಂದ ತಮ್ಮ. ಮಾತು ಅಲ್ಲಿಂದ ಶುರುವಾಯಿತು.