ಕೊನೆ ಭಾಗದ ಕೂಡಲ

ಹುಲಿಗೆಮ್ಮ ಎಡಗೈಯ ಹಿಡಿಕೆಯನ್ನು ಮೆಲ್ಲನೆ ಹಿಂದಕ್ಕೆ ಎಳೆದಳು. ಎಷ್ಟೋ ದೂರದ ಬಂದರಿನಲ್ಲಿ ಕ್ರೇನಿನ ಉಕ್ಕಿನ ಹಗ್ಗಗಳು ಬಿಗಿದುಕೊಂಡವು. ಲಾರಿಯಷ್ಟು ಉದ್ದದ ಕಬ್ಬಿಣದ ಪೆಟ್ಟಿಗೆಯೊಂದು ಹಡಗಿನ ಮೇಲಿಂದ ಎದ್ದು ದಡದ ಕಡೆಗೆ ಹೊರಟಿತು. ಅವಳು ಕುಳಿತಿದ್ದುದು ರಾಯಚೂರು ಸೀಮೆಯ ತೂಬಿನಹಾಳದಲ್ಲಿ, ತನ್ನ ಮನೆಯ ಪಡಸಾಲೆಯಲ್ಲಿ. ಬೆನ್ನ ಹಿಂದೆ ಭತ್ತದ ಚೀಲಗಳನ್ನು ಪೇರಿಸಿದ್ದರು. ಎದುರಿನ ಪರದೆಯ ತುಂಬ ಸಮುದ್ರವಿತ್ತು. ಆ ಸಮುದ್ರವನ್ನು ಅವಳು ಎಂದೂ ಹತ್ತಿರ ಹೋಗಿ ನೋಡಿರಲಿಲ್ಲ.

ಪೆಟ್ಟಿಗೆ ಅರ್ಧ ದಾರಿಗೆ ಬಂದಾಗ ಪರದೆಯ ಅಲೆಗಳು ಇದ್ದಕ್ಕಿದ್ದಂತೆ ನಿಂತವು. ಹಿಡಿಕೆ ಸಡಿಲವಾಯಿತು. ಸಂಪರ್ಕ ಕಡಿದ ಕೂಡಲೇ ಕ್ರೇನು ಇದ್ದಲ್ಲೇ ನಿಲ್ಲುವಂತೆ ಏರ್ಪಾಡು ಮಾಡಿದ್ದರು. ಈಗ ಅಲ್ಲಿ ಆ ಭಾರ ಗಾಳಿಯಲ್ಲಿ ತೂಗುತ್ತಿರುತ್ತದೆ, ಕೆಳಗಿದ್ದವರು ಬೈಯುತ್ತ ದೂರ ಸರಿಯುತ್ತಿರುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

"ಮತ್ತ ಹೋತು," ಎಂದಳು.

"ಗ್ವಾಡಿ ಮ್ಯಾಗಿನ ಇಂಟರ್ನೆಟ್ ಪೆಟಿಗಿ ನೋಡ್ಲ್ಯಾ?" ಎಂದು ಗಂಡ ಯಂಕೋಬ ಅಡುಗೆಮನೆಯಿಂದ ಕೇಳಿದ.

"ನೋಡಿ ಏನ್ ಮಾಡ್ತಿ, ಒಲಿ ಊದಿದಂಗ ಊದ್ತಿಯೇನು? ಸುಮ್ಮನ ರೊಟ್ಟಿ ಬಡಿ."

ಸಂಪರ್ಕ ಮರಳಿದ ಮೇಲೆ ಬಂದರಿನ ಮೇಲ್ವಿಚಾರಕ ಮಾತಾಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಜೆಯ ಪಾಳಿಯಲ್ಲಿ ಮಾತ್ರ ಹೀಗಾಗುತ್ತಿದೆ, ಇನ್ನೂ ಹೀಗೇ ಆದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ, ಎಂದ. ಊರು ಬಿಡದೆ ಮಾಡಬಹುದಾದ ಇಂಥ ಕೆಲಸ ಅವಳಿಗೆ ಇನ್ನೊಂದು ಸಿಗುವಂತಿರಲಿಲ್ಲ. ಅವಳು ಮನೆಗೆ ಇಂಟರ್ನೆಟ್ ತರುತ್ತಿದ್ದ ಗೋಡೆಯ ಸಾಧನದ ಮೇಲಿದ್ದ ಸಂಖ್ಯೆಗೆ ಕರೆಮಾಡಿ ದೂರು ಕೊಟ್ಟಳು.

ಆ ಸಾಧನದ ಹೆಸರು ಕೂಡಲ. ಅದನ್ನು ಕಂಡುಹಿಡಿದವಳು ಹುಬ್ಬಳ್ಳಿಯ ಸಂಶೋಧನಾಲಯವೊಂದರ ವಾಸಂತಿ ಹಂಚಿನಾಳ. ಐವತ್ತು ದಾಟಿದ ಹೆಂಗಸು. ಹಳ್ಳಿಗಳಿಗೆ ಇಂಟರ್ನೆಟ್ ತರಲು ಹೊಸ ತಂತಿ ಎಳೆಯಬೇಕಿಲ್ಲ, ಇರುವ ದಾರಿಗಳನ್ನೇ ಕೂಡಿಸಿದರೆ ಸಾಕು ಎಂಬುದು ಅವಳ ವಿಚಾರ. ಕರೆಂಟಿನ ತಂತಿ, ಹಳೆಯ ಟೀವಿ ಕೇಂದ್ರಗಳು ಬಿಟ್ಟುಹೋದ ರೇಡಿಯೋ ಅಲೆಗಳ ಪಟ್ಟಿ, ಬೀದಿದೀಪದ ಕಂಬ, ಇವೆಲ್ಲವನ್ನೂ ಕೂಡಲ ಒಂದೇ ದಾರಿಯ ಹಾಗೆ ಬಳಸುತ್ತಿತ್ತು. ಆ ಕ್ಷಣದಲ್ಲಿ ಯಾವುದು ಖಾಲಿಯಿದೆಯೋ ಅದರಲ್ಲಿ ಮಾಹಿತಿಯನ್ನು ತುಣುಕು ತುಣುಕಾಗಿ ಮುಂದಿನ ಮನೆಯ ಪೆಟ್ಟಿಗೆಗೆ ದಾಟಿಸುತ್ತಿತ್ತು. ಆ ಮನೆ ಅದರ ಮುಂದಿನ ಮನೆಗೆ. ಇಷ್ಟು ಸರಳವಾಗಿ ಹೇಳಿದರೆ ಪೂರ್ತಿ ಸರಿಯಾಗುವುದಿಲ್ಲ. ಆದರೆ ಈ ಕತೆಗೆ ಬೇಕಾದದ್ದು ಒಂದೇ ಸಂಗತಿ: ತೆರೆದಿರುವ ಮನೆಗಳು ಹೆಚ್ಚಾದಷ್ಟೂ ಸಂಪರ್ಕ ಗಟ್ಟಿಯಾಗುತ್ತಿತ್ತು.

ಇಷ್ಟಾದರೂ ಪೆಟ್ಟಿಗೆಗೆ ಒಂದು ಸ್ವಿಚ್ ಇರಬೇಕೆಂದು ವಾಸಂತಿ ಹಟ ಹಿಡಿದಿದ್ದಳು. ಮನೆಯೊಳಗಿನ ವಸ್ತುವನ್ನು ಆರಿಸುವ ಹಕ್ಕು ಮನೆಯವರಿಗಿರಬೇಕು ಎಂದು ಸಭೆಯಲ್ಲಿ ಬಹಳ ಹೊತ್ತು ವಾದಿಸಿದ್ದಳು. ತನ್ನ ಕೆಲಸದಲ್ಲಿ ಅವಳಿಗೆ ಸಂಶಯವಿಲ್ಲದೆ ಹೆಮ್ಮೆಯಿದ್ದ ಸಂಗತಿ ಅದೊಂದೇ.

ದೂರು ಬಂದಾಗ ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ತಪ್ಪು ತನ್ನದೇ ಇರಬಹುದೆಂಬ ಅಳುಕಿನಿಂದ ಅವಳೇ ಬಂದಳು. ತೂಬಿನಹಾಳದ ಮನೆಗಳು ಗುಂಪಾಗಿರಲಿಲ್ಲ. ಉಪಕಾಲುವೆಯ ಉದ್ದಕ್ಕೂ, ಅವರವರ ಹೊಲದಲ್ಲಿ, ದೂರದೂರ ಇದ್ದವು. ಕಾಲುವೆಯ ತಲೆಯಲ್ಲಿ ಅಮರೇಗೌಡರ ಮನೆ. ಇಂಟರ್ನೆಟ್ ತರುವ ಸರ್ಕಾರದ ಗಾಜಿನೆಳೆಯ ಕೇಬಲ್ ಬಂದು ನಿಲ್ಲುವುದೂ ಅಲ್ಲಿಯೇ. ಕಾಲುವೆಯ ತೀರಾ ಕೊನೆಯಲ್ಲಿ ಹುಲಿಗೆಮ್ಮನ ಮನೆ. ನಡುವಿನ ಒಂದು ಮನೆ ಆರಿದರೆ ಮಾಹಿತಿ ಅದನ್ನು ಹಾರಿ ದಾಟಬಲ್ಲುದು. ಹಲವು ಆರಿದರೆ ಆಗದು. ಗೌಡರ ಮನೆಯನ್ನು ಬಿಟ್ಟು ಹೋಗುವ ದಾರಿ ಮಾತ್ರ ಇರಲಿಲ್ಲ.

ಇಡೀ ದಿನ ವಾಸಂತಿ ಮನೆಮನೆಗೆ ಹೋಗಿ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದಳು. ಒಂದರಲ್ಲೂ ದೋಷವಿರಲಿಲ್ಲ. ದೋಷ ಸಿಕ್ಕಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು. ಸಂಜೆ ಕೊನೆಗೆ ಗೌಡರ ಮನೆಗೆ ಬಂದು ಮುಟ್ಟಿದಳು.

"ಮೊದ್ಲು ಉಣ್ರಿ ಮೇಡಂ. ಪೆಟಿಗಿ ಎಲ್ಲಿ ಓಡಿ ಹೋಕ್ಕೈತಿ," ಎಂದರು ಗೌಡರು. ಪರದೆಯಲ್ಲಿ ಪ್ರವಚನ ನಡೆದಿತ್ತು. ಅದು ಮುಗಿದ ಮೇಲೆ ಅವರು ಕೈಮುಗಿದು ಎದ್ದರು. ಗೋಡೆಯ ಹತ್ತಿರ ಹೋಗಿ ಕೂಡಲದ ಸ್ವಿಚ್ ಒತ್ತಿದರು. ಹಸಿರು ದೀಪ ಆರಿತು. ವಾಸಂತಿಯ ಕೈಯಲ್ಲಿದ್ದ ಮಾಪಕ ಸೊನ್ನೆಗೆ ಇಳಿಯಿತು.

"ಗೌಡ್ರ, ಅದನ್ನ ಯಾಕ ಆರಿಸಿದ್ರಿ?"

"ನಮ್ಮ ಪಾಳಿ ಮುಗೀತಲ್ರೀ. ನಾವು ತಲಿಮ್ಯಾಗ ಕುಂತವ್ರು. ನಾವ ಹೀರ್ಕೋತ ಕುಂತ್ರ ಕೆಳಗಿನವ್ರಿಗೆ ಏನ್ ಮುಟ್ಟಬೇಕು? ನೋಡೂದು ಮುಗಿದ ಮ್ಯಾಲ ಬಂದ್ ಮಾಡ್ರಿ ಅಂತ ಎಲ್ಲಾ ಮನಿಗೂ ನಾನ ಹೇಳೀನಿ."

"ನನ್ನ ಧಾರಾವಾಹಿನೂ ಅರ್ಧಕ್ಕ ಕಿತ್ತು ಒಗೀತಾರ್ರೀ," ಎಂದರು ಅವರ ಹೆಂಡತಿ ಶಾಂತಮ್ಮ, ಸಾರು ಬಡಿಸುತ್ತ. "ಈ ಧರ್ಮ ಕಾಲುವಿಗೆ ನೀರು ಬಿಟ್ಟಾಗ ಯಾವ ಊರಿಗೆ ಹೋಗಿರ್ತೈತೋ ಗೊತ್ತಿಲ್ಲ."

"ನೀ ಸುಮ್ಮನಿರು. ನೀರಿನ ಮಾತು ಬ್ಯಾರೆ."

ವಾಸಂತಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹುಬ್ಬಳ್ಳಿಯ ಓಣಿಗಳಲ್ಲಿ ಎರಡು ವರ್ಷ ಪರೀಕ್ಷೆ ಮಾಡಿದ್ದರು. ಅಲ್ಲಿ ಯಾರೂ ಪೆಟ್ಟಿಗೆಯನ್ನು ಆರಿಸಿರಲಿಲ್ಲ. ಪಕ್ಕದ ಮನೆಗೆ ಕಡಿಮೆಯಾದೀತು ಎಂಬ ಯೋಚನೆ ಅಲ್ಲಿ ಯಾರಿಗೂ ಬಂದಿರಲಿಲ್ಲ. ಇಲ್ಲಿ ಮೂರು ತಲೆಮಾರಿನಿಂದ ಕಾಲುವೆಯ ಜೊತೆ ಬದುಕಿದವರು, ಸಂಜೆಯಾದ ಮೇಲೆ ಒಬ್ಬೊಬ್ಬರಾಗಿ, ಕೆಳಗಿನವರಿಗೆ ಒಳ್ಳೆಯದಾಗಲೆಂದು ಸ್ವಿಚ್ ಒತ್ತುತ್ತಿದ್ದರು. ಆಗ ಕೆಳಗೆ ಹುಲಿಗೆಮ್ಮನ ಕ್ರೇನು ನಿಲ್ಲುತ್ತಿತ್ತು.

"ಇದು ನೀರಲ್ರೀ ಗೌಡ್ರ," ಎಂದಳು. "ನೀರು ನೀವು ತಗೊಂಡ್ರ ಕೆಳಗ ಕಡಿಮಿ. ಇದು ನೀವು ತೆರೆದಿಟ್ಟರ ಮಾತ್ರ ಕೆಳಗ ಹೋಗ್ತದ."

"ಬಂದ್ ಮಾಡಿದ್ರ?"

"ಯಾರಿಗೂ ಹೋಗೂದಿಲ್ಲ."

ಗೌಡರು ಪೆಟ್ಟಿಗೆಯ ಕಡೆ ತಿರುಗಿದರು. "ಅಂದ್ರ ಯಂಕೋಬನ ಹೆಂಡತಿ ದುಡಿಯೂದು ನನ್ನ ಗ್ವಾಡಿ ಒಳಗಿಂದ ಹಾದು ಹೋಗ್ತೈತಿ ಅನ್ರಿ."

"ಹೌದ್ರೀ."

ಅವರು ಸ್ವಿಚ್ ಮತ್ತೆ ಒತ್ತಿದರು. ಅವರಿಗೆ ನಾಚಿಕೆಯಾಗಿದೆ ಎಂದು ವಾಸಂತಿ ಅಂದುಕೊಂಡಳು. ಮರುದಿನ ಗೌಡರೇ ಎಲ್ಲರನ್ನೂ ಕರೆದು ವಿಷಯ ತಿಳಿಸಿದರು. ಜನ ನಕ್ಕರು. ಇಷ್ಟು ದಿನ ಪುಣ್ಯ ಅಂತ ಮಾಡಿದ್ದು ಪಾಪ ಆತಲ್ಲೋ ಎಂದು ಒಬ್ಬ ಹಣೆ ಬಡಿದುಕೊಂಡ. ಅಂದಿನಿಂದ ಪೆಟ್ಟಿಗೆಗಳು ಆರಲಿಲ್ಲ. ಹುಲಿಗೆಮ್ಮನ ಸಂಜೆಗಳು ಸಲೀಸಾದವು. ವಾಸಂತಿ ಹುಬ್ಬಳ್ಳಿಗೆ ಮರಳಿದಳು.

ಬೇಸಿಗೆ ಬೆಳೆಯ ಹೊತ್ತಿಗೆ ಕಾಲುವೆಯಲ್ಲಿ ನೀರು ಇಳಿಯಿತು. ಗೌಡರ ಮಗ ಕಾಲುವೆಗೆ ಪಂಪು ಇಳಿಸಿ ನೀರೆತ್ತುತ್ತಿದ್ದಾನೆಂದು ಯಂಕೋಬ ನೀರಾವರಿ ಕಚೇರಿಗೆ ದೂರು ಕೊಟ್ಟ. ಅಧಿಕಾರಿಗಳು ಬಂದು ಪಂಪನ್ನು ಎತ್ತಿಕೊಂಡು ಹೋದರು. ಆ ಸಂಜೆ ಹುಲಿಗೆಮ್ಮನ ಪರದೆ ನಿಂತಿತು. ಈ ಸಲ ಕಾರಣ ಹುಡುಕಲು ಮಾಪಕ ಬೇಕಾಗಲಿಲ್ಲ.

"ಮೇಡಂ," ಎಂದಳು ಹುಲಿಗೆಮ್ಮ ಫೋನಿನಲ್ಲಿ. "ನಾಳಿ ಸಂಜೀ ಪಾಳಿ ನಿಂತ್ರ ಕೆಲಸ ಇಲ್ಲ ಅಂತ ಹೇಳ್ಯಾರ. ನನ್ನ ಗಂಡ ದೂರು ಕೊಟ್ಟಿದ್ದು ಖರೇ. ನಾನೇನ್ ಮಾಡ್ಲಿ, ಅವನ ಕೈ ಹಿಡೀಲ್ಯಾ? ನೀರು ನಮಗೂ ಬೇಕಲ್ಲ."

"ಗೌಡ್ರ ಹತ್ರ ನಾನು ಮಾತಾಡ್ತೀನಿ."

"ಮಾತಾಡ್ರಿ. ಮೊದ್ಲು ಅವ್ರು ತಿಳೀದ ಬಂದ್ ಮಾಡ್ತಿದ್ರು. ಈಗ ನೀವು ತಿಳಿಸಿ ಕೊಟ್ಟೀರಿ."

ವಾಸಂತಿ ಆ ಕರೆ ಮುಗಿಸಿ ಗೌಡರಿಗೆ ಕರೆಮಾಡಿದಳು. ಅವರು ಎಂದಿನ ಮರ್ಯಾದೆಯಿಂದಲೇ ಮಾತಾಡಿದರು.

"ಹುಲಿಗೆಮ್ಮ ಒಳ್ಳೆ ಹೆಣ್ಮಗಳು. ಅಕಿ ಮ್ಯಾಲ ನನಗ ಏನೂ ಇಲ್ಲ. ಯಂಕೋಬ ಬಂದು ದೂರು ವಾಪಸ್ ತಗೊಳ್ಳಿ, ಸ್ವಿಚ್ ಹಾಕ್ತೀನಿ."

"ಅವರ ಮನಿ ಅನ್ನ ಹೋಗ್ತದ ಗೌಡ್ರ."

"ನಂದೂ ಹೊಲ ಒಣಗಾಕ ಹತ್ತೈತಿ. ನಾನೇನ್ ಅವ್ರ ಮನಿಗೆ ಹೋಗಿ ಬಡಿದೇನ? ನನ್ನ ಮನ್ಯಾಗಿನ ಸ್ವಿಚ್ ನಾ ಬಂದ್ ಮಾಡೀನಿ. ಇದನ್ನ ಇಟ್ಟವ್ರು ನೀವ ಅಲ್ಲೇನ್ರೀ?"

ಗೌಡರ ಮನೆಯನ್ನು ಬಿಟ್ಟು ಬೇರೆ ಕಂಬ ನಿಲ್ಲಿಸಲು ಮಂಜೂರಾತಿ ಬರಲು ತಿಂಗಳುಗಳೇ ಬೇಕು. ನಿಲ್ಲಿಸಿದರೂ ಆ ಕಂಬ ಗೌಡರ ಹೊಲದಲ್ಲೇ ಬರುತ್ತಿತ್ತು. ಉಳಿದದ್ದು ಒಂದೇ ದಾರಿ. ಕೂಡಲದ ಒಳಗೆ ಸಣ್ಣ ಬ್ಯಾಟರಿಯಿತ್ತು, ಮೇಲ್ಛಾವಣಿಯ ಸೌರಫಲಕದಿಂದ ಅದು ತುಂಬಿಕೊಳ್ಳುತ್ತಿತ್ತು. ಹುಬ್ಬಳ್ಳಿಯಿಂದ ಒಂದು ಆದೇಶ ಕಳಿಸಿದರೆ ಸ್ವಿಚ್ ಒತ್ತಿದಾಗ ದೀಪ ಮಾತ್ರ ಆರುತ್ತದೆ, ದಾಟಿಸುವ ಕೆಲಸ ಒಳಗೇ ನಡೆಯುತ್ತಿರುತ್ತದೆ. ಅಂಥ ಆದೇಶ ಬರೆಯುವುದು ಕಷ್ಟವಿರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ವಾಸಂತಿ ಅದನ್ನು ಕಳಿಸದೆ ಕುಳಿತಿದ್ದಳು. ಊಟಕ್ಕೂ ಏಳಲಿಲ್ಲ. ಆಮೇಲೆ ಗೌಡರು ತಮ್ಮ ಪ್ರವಚನಕ್ಕೆ ಸ್ವಿಚ್ ಹಾಕಿದಾಗ ಕಳಿಸಿದಳು.

ಆ ಸಂಜೆ ತೂಬಿನಹಾಳದ ಪಡಸಾಲೆಯಲ್ಲಿ ಹಡಗು ಪೂರ್ತಿ ಖಾಲಿಯಾಯಿತು. ಒಂದು ಸಲವೂ ಅಲೆ ನಿಲ್ಲಲಿಲ್ಲ. ಮೇಲ್ವಿಚಾರಕ ಹುಲಿಗೆಮ್ಮನಿಗೆ ನಾಳೆಯೂ ಬನ್ನಿ ಎಂದ.

ಅದಾದ ಸ್ವಲ್ಪ ಹೊತ್ತಿಗೆ ಗೌಡರ ಕರೆ ಬಂತು.

"ಮೇಡಂ, ಬೈಯಾಕ ಫೋನ್ ಮಾಡಿಲ್ಲ. ಒಂದು ಮಾತು ಕೇಳ್ಬೇಕಿತ್ತು. ನಾನು ಸ್ವಿಚ್ ಒತ್ತೀನಿ. ದೀಪ ಆರೈತಿ. ಆದ್ರ ಕೈ ಇಟ್ರ ಪೆಟಿಗಿ ಬೆಚ್ಚಗ ಐತಿ. ಬಂದ್ ಆಗೇತೋ ಇಲ್ಲೋ?"

ಹೌದು ಎಂದು ಹೇಳಬಹುದಿತ್ತು. ವಾಸಂತಿಗೆ ತುಂಬ ದಣಿವಾಗಿತ್ತು.

"ಆಗಿಲ್ರೀ," ಎಂದಳು. "ಇನ್ನ ಮ್ಯಾಲ ಆಗೂದಿಲ್ಲ."

ಆ ಕಡೆ ಶಾಂತಮ್ಮ ಏನೋ ಕೇಳಿದ್ದು, ಗೌಡರು ತಡಿ ಎಂದದ್ದು ಕೇಳಿಸಿತು.

"ಕಿತ್ತು ಒಗೀಬಹುದು," ಎಂದರು ಗೌಡರು. "ಒಗಿಯಂಗಿಲ್ಲ. ಅಷ್ಟು ಕೆಟ್ಟವನಲ್ಲ ನಾನು. ಆದ್ರ ಮೇಡಂ, ಇಷ್ಟು ದಿನ ಹುಲಿಗೆಮ್ಮ ಎದುರಿಗೆ ಸಿಕ್ರ, ಗೌಡ್ರ ನಿಮ್ಮಿಂದ ನಡದೈತ್ರೀ ಅಂತಿದ್ಲು. ನಾಳಿ ಏನಂತಾಳ?"

ಅವರು ಫೋನ್ ಇಟ್ಟರು.

ತೂಬಿನಹಾಳದ ಆದೇಶ ಚೆನ್ನಾಗಿ ಕೆಲಸ ಮಾಡಿತು. ಮುಂದಿನ ವರ್ಷ ಅದನ್ನು ಎಲ್ಲ ಕೂಡಲಗಳಿಗೂ ಹಾಕಿದರು. ಆಫ್ರಿಕಾದ ಹಳ್ಳಿಗಳಿಗೆ ಹೋದ ಪೆಟ್ಟಿಗೆಗಳಿಗೆ ಸ್ವಿಚ್ಚೇ ಇರಲಿಲ್ಲ. ಇಟ್ಟು ಏನು ಉಪಯೋಗ ಎಂದು ಸಭೆಯಲ್ಲಿ ಯಾರೋ ಕೇಳಿದರು. ವಾಸಂತಿ ಈ ಸಲ ವಾದಿಸಲಿಲ್ಲ. ಕೋಟ್ಯಂತರ ಮನೆಗಳಿಗೆ ಸಂಪರ್ಕ ಬಂತು. ಆ ಮನೆಗಳಲ್ಲಿ ಹುಲಿಗೆಮ್ಮನಂಥವರು ಎಷ್ಟೋ ಮಂದಿ ದುಡಿದು ಉಂಡರು. ಇದು ಸಣ್ಣ ಮಾತಲ್ಲ. ಆದರೆ ತಲೆಯ ಮನೆಯವರು ಕೊನೆಯ ಮನೆಯವರಿಗೆ ಕೊಡುವಂಥದ್ದಾಗಲಿ, ಕೊಡದೆ ಇರುವಂಥದ್ದಾಗಲಿ ಅಲ್ಲಿ ಏನೂ ಉಳಿಯಲಿಲ್ಲ.

ನಾವಿನ್ನೂ ಆ ಕಾಲಕ್ಕೆ ಮುಟ್ಟಿಲ್ಲ. ನಮ್ಮ ಮನೆಯ ಸ್ವಿಚ್ಚುಗಳನ್ನು ಒತ್ತಿದರೆ ಹೆಚ್ಚಿನವು ಈಗಲೂ ನಿಜವಾಗಿ ಆರುತ್ತವೆ. ಯಾವುವು ಆರುವುದಿಲ್ಲ ಎಂಬುದನ್ನು ಒಮ್ಮೆ ಕೈಯಿಟ್ಟು ನೋಡಿಕೊಳ್ಳಲು ಸಮಯವಿದೆ.