ಕೊನೆಯ ಹಕ್ಕಿಯ ಕಣ್ಣು

ಹದಿನಾಲ್ಕನೇ ತಾರೀಕು ಸಂಜೆ ಆರೂವರೆಗೆ ಠಾಣೆಗೆ ಬಂದದ್ದು ದೂರಲ್ಲ, ಆಸ್ಪತ್ರೆಯ ಮೆಮೊ. ಮೂವತ್ತೊಂದು ವರ್ಷದ ಹೆಂಗಸು, ಬಲಗೈ ಜಜ್ಜಿದೆ, ಬೈಂಡಿಂಗ್ ಪ್ರೆಸ್ಸಿನಲ್ಲಿ ತಾನೇ ಸಿಕ್ಕಿಸಿಕೊಂಡದ್ದಾಗಿ ಹೇಳುತ್ತಾಳೆ, ಕರೆತಂದವರು ಸೋದರಮಾವ. ಹೇಳಿಕೆ ಬರೆದುಕೊಂಡು ಆಕಸ್ಮಿಕ ಎಂದು ಮುಚ್ಚಿಬಿಟ್ಟರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಇನ್‌ಸ್ಪೆಕ್ಟರ್ ಮುಚ್ಚಲೆಂದೇ ಹೊರಟರು. ಜೊತೆಗೆ ಇಡೀ ಠಾಣೆ ಅಕ್ಕ ಎಂದು ಕರೆಯುವ ಹೆಡ್ ಕಾನ್‌ಸ್ಟೆಬಲ್, ಮತ್ತು ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಬೇಕಾದ ಕಾನ್‌ಸ್ಟೆಬಲ್ ಉದ್ದಣ್ಣ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಎರಡು ಬೆರಳು ತೆಗೆದಿದ್ದೀವಿ. ಹೆಬ್ಬೆರಳು ಇದೆ, ಹಿಡಿತ ಬರಲ್ಲ."

"ಭಾರ ಏನಾದ್ರೂ ಬಿದ್ದಿರಬಹುದಾ?"

"ಬಿದ್ದು ಆದ ಗಾಯ ಅಲ್ಲ ಇದು. ನಿಧಾನಕ್ಕೆ ಅದುಮಿದ್ದು. ಬಿಡದೆ ಅದುಮಿದ್ದು."

ಮಾವ ವರಾಂಡದ ಬೆಂಚಿನಲ್ಲಿ ಕೂತಿದ್ದರು. ಅರವತ್ತೆಂಟರ ಪ್ರಾಯ, ಮೃದು ಮಾತು, ಅಂಗಿಯ ತೋಳಿಗೆ ಒಣಗಿದ ರಕ್ತ. ಹಳೆಯ ಚಿತ್ರದ ಪುಸ್ತಕಗಳನ್ನು ಕೂಡಿಡುವ ಹುಚ್ಚು ಅವರಿಗೆ. ಅಚ್ಚಿನಲ್ಲಿ ಬರೀ ಕಪ್ಪು ಗೆರೆ ಮೂಡಿಸಿ, ಪ್ರತಿ ಹಾಳೆಗೂ ಕುಂಚದಿಂದ ಬಣ್ಣ ತುಂಬುತ್ತಿದ್ದ ಕಾಲದ ಪುಸ್ತಕಗಳು. ತಂಗಿ ಮತ್ತು ಅವಳ ಗಂಡ ತೀರಿಕೊಂಡ ಮೇಲೆ ಅವರ ಮಗಳನ್ನು ತಂದು ಸಾಕಿ, ಬಣ್ಣ ಹಾಕುವುದನ್ನು ಕಲಿಸಿದ್ದರು. ಮೂವತ್ತು ದಾಟಿದರೂ ಅವಳು ಅವರಿಗೆ ಪುಟ್ಟಿಯೇ.

"ನಾನು ಹೊರಗಿನ ಕೋಣೇಲಿ ಓದ್ತಾ ಇದ್ದೆ. ಕಿರುಚಿದ್ಲು. ಓಡಿಹೋಗಿ ಪ್ರೆಸ್ ಬಿಚ್ಚಿದೆ."

"ಅವಳೊಬ್ಬಳೇ ಇದ್ದಳಾ?"

"ಒಬ್ಬಳೇ. ಶುಕ್ರವಾರ ಬಿಡ್ತಾರಂತೆ, ಮನೆಗೆ ಕರ್ಕೊಂಡು ಹೋಗ್ತೀನಿ. ನನ್ನ ಬಿಟ್ಟರೆ ಇನ್ಯಾರಿದ್ದಾರೆ ಅವಳಿಗೆ?"

ಮರುದಿನ ಬೆಳಿಗ್ಗೆ ಮಾವನ ಮನೆಯಲ್ಲಿ, ಪಕ್ಕದ ಟೈಲರ್ ಮತ್ತು ಎದುರಿನ ಔಷಧಿ ಅಂಗಡಿಯವರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಶುರುವಾಯಿತು. ಹಿಂದಿನ ಕೋಣೆ. ಕಿಟಕಿಯ ಕೆಳಗೆ ಬಣ್ಣದ ಮೇಜು, ಮೂಲೆಯಲ್ಲಿ ಪ್ರೆಸ್: ಮೇಲೊಂದು ಚಕ್ರ, ನಡುವೆ ತಿರುಪು, ಕೆಳಗೆ ಎರಡು ದಪ್ಪ ಕಬ್ಬಿಣದ ಹಲಗೆ. ಹಲಗೆಗಳ ನಡುವೆ ರಕ್ತದಲ್ಲಿ ಅಂಟಿಕೊಂಡ ಒಂದು ಕಟ್ಟು ಕಾಗದ. ಉದ್ದಣ್ಣ ಅದನ್ನು ಬಿಡಿಸಿ ನೋಡಿದ. ಅಚ್ಚಿಲ್ಲ, ಚಿತ್ರವಿಲ್ಲ. ಖಾಲಿ ಹಾಳೆಗಳು.

ಕಟ್ಟನ್ನು ಜಪ್ತಿ ಮಾಡಿದ ಮೇಲೆ ಇನ್‌ಸ್ಪೆಕ್ಟರ್ ಬಚ್ಚಲಿನಿಂದ ಒಂದು ಸೋಪು ತರಿಸಿ ಹಲಗೆಗಳ ನಡುವೆ ಇಡಿಸಿದರು. ಉದ್ದಣ್ಣ ಚಕ್ರ ತಿರುಗಿಸಿ ಕೈಬಿಟ್ಟ. ಹಲಗೆ ಇದ್ದಲ್ಲೇ ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ಬಿಟ್ಟ. ಮತ್ತೆ ನಿಂತಿತು.

"ತಾನಾಗಿ ಬೀಳಲ್ಲ ಸಾರ್. ತಿರುಗಿಸಿದಷ್ಟೇ ಇಳಿಯೋದು."

"ನೋವಾದ್ರೆ ಏನ್ಮಾಡ್ತೀಯ?"

"ನಿಲ್ಲಿಸ್ತೀನಿ. ಇನ್ನೇನ್ಮಾಡೋದು?"

"ಇವಳು ನಿಲ್ಲಿಸಲಿಲ್ಲ. ಬರ್ಕೋ."

ಮುಚ್ಚಲೆಂದು ತೆರೆದ ಫೈಲು ಅಲ್ಲಿಂದಾಚೆಗೆ ಮುಚ್ಚಲು ಬರಲಿಲ್ಲ.

ಊರೆಲ್ಲ ಮಾವನನ್ನು ದೇವರಂಥ ಮನುಷ್ಯ ಎನ್ನುತ್ತಿತ್ತು. ಬೇರೆ ಮಾತಾಡಿದವರು ಒಬ್ಬರೇ, ಮಾವನಷ್ಟೇ ಪುಸ್ತಕದ ಹುಚ್ಚಿದ್ದ ಎಣ್ಣೆ ಗಿರಣಿಯ ಮಾಲೀಕರು. ಮಾವನ ಬಳಿ ಇನ್ನೂರು ವರ್ಷ ಹಳೆಯ ಒಂದು ಹಕ್ಕಿಗಳ ಪುಸ್ತಕವಿತ್ತು. ಆಗಿನವರು ಅರ್ಧ ಹಾಳೆಗಳಿಗೆ ಬಣ್ಣ ಹಾಕದೆ ಬಿಟ್ಟಿದ್ದರು; ಅವನ್ನು ಈಗ ಪುಟ್ಟಿ ತುಂಬುತ್ತಿದ್ದಳು. ಅದೇ ಪುಸ್ತಕದ ಇನ್ನೊಂದು ಪ್ರತಿ, ಅದೂ ಅರೆಬಣ್ಣದ್ದು, ಗಿರಣಿಯವರ ಬಳಿ ಇತ್ತು. ಮೂರನೆಯದು ಇದೆಯೆಂದು ಯಾರೂ ಕೇಳಿಲ್ಲ.

"ನನ್ನದಕ್ಕೂ ಹಾಕಿಕೊಡ್ತೀನಿ ಅಂತ ಒಪ್ಪಿದ್ಲು. ಬರೋ ತಿಂಗಳಿಂದ ಶುರು. ಆ ಕೆಲಸದ ಮೇಲೆ ಸ್ವಂತ ಮನೆ ಮಾಡ್ತೀನಿ ಅಂತಿದ್ಲು."

"ಅವರ ಮಾವನಿಗೆ ಗೊತ್ತಿತ್ತಾ?"

"ನಾನೇ ಹೇಳಿದೆ. ಆ ಮುಖ ನೀವು ನೋಡಬೇಕಿತ್ತು." ಗಿರಣಿಯವರು ನಕ್ಕರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. "ಅಲ್ಲ ಸಾರ್, ಎಡಗೈಗೆ ಅಭ್ಯಾಸ ಮಾಡಿಸಿದ್ರೆ ಆಗತ್ತಾ? ಡಾಕ್ಟರನ್ನ ಕೇಳಿದ್ರಾ?"

ಹುಡುಗಿ ಹೇಗಿದ್ದಾಳೆ ಎಂದು ಆ ಪುಣ್ಯಾತ್ಮ ಕೊನೆಯವರೆಗೂ ಕೇಳಲಿಲ್ಲ.

ಕಾರಣ ಸಿಕ್ಕಿತು. ಸಾಕ್ಷಿ ಒಬ್ಬಳೇ, ಅವಳು ಬಾಯಿ ಬಿಡಬೇಕು. ಶುಕ್ರವಾರದೊಳಗೆ ಹೇಳದಿದ್ದರೆ ಅದೇ ಮನೆಗೆ, ಅದೇ ಕೈಯ ಕೆಳಗೆ ವಾಪಸ್ಸು. ಗುರುವಾರ ಬೆಳಿಗ್ಗೆ ಅಕ್ಕ ಒಬ್ಬರೇ ವಾರ್ಡಿಗೆ ಹೋದರು.

"ಚಕ್ರ ತಿರುಗಿಸಿದ್ದು ಯಾರು?"

"ನಾನೇ. ಎಡಗೈಲಿ."

"ನೋವಾದ ಮೇಲೂ ತಿರುಗಿಸಿದೆಯಾ?"

"ಇರಬೇಕು," ಎಂದು ಪುಟ್ಟಿ ಗೋಡೆಯ ಕಡೆ ತಿರುಗಿದಳು.

"ಅಡ್ಡಗೋಡೆ ಮೇಲೆ ದೀಪ ಇಡಬೇಡ ತಾಯಿ. ಇದ್ದದ್ದು ಹೇಳು."

"ಮಾವ ಬೇಕಂತ ಮಾಡಿರಲ್ಲ ಅಕ್ಕ. ಕಾಗದ ಜರುಗದ ಹಾಗೆ ನಾನು ಹಿಡಿದಿರ್ತೀನಿ, ಅವರು ತಿರುಗಿಸ್ತಾರೆ. ಹಲಗೆ ಹತ್ತಿರ ಬಂದಾಗ 'ತೆಗಿ' ಅಂತಾರೆ, ನಾನು ಕೈ ತೆಗೀತೀನಿ. ಚಿಕ್ಕವಳಿದ್ದಾಗಿಂದ ಹಾಗೇ. ನೋಡೋದೂ ಇಲ್ಲ ನಾನು. ಅವತ್ತು 'ತೆಗಿ' ಅನ್ನೋದು ಮರೆತ್ರು. ವಯಸ್ಸಾಯ್ತು."

"ಕಿರುಚಿದ ಮೇಲೂ?"

"ಗಾಬರಿಯಾಗಿರತ್ತೆ. ಆ ಕಡೆ ತಿರುಗಿಸೋ ಬದಲು ಈ ಕಡೆ ತಿರುಗಿಸಿದ್ರು."

ಅಕ್ಕ ಫೈಲು ಮುಚ್ಚಿಟ್ಟು, ಲೋಟಕ್ಕೆ ನೀರು ಬಗ್ಗಿಸಿ ಕುಡಿಸಿದರು. ಆಮೇಲೆ ಬರಿಯ ಮಾತಿಗೆಂಬಂತೆ ಕೇಳಿದರು.

"ಅವತ್ತು ಯಾವ ಹಕ್ಕಿ ಮಾಡ್ತಿದ್ದೆ?"

"ಕೊನೇದು. ಕಣ್ಣು ಇಟ್ಟೆ. ಯಾವ ಹಕ್ಕಿಗಾದ್ರೂ ಕಣ್ಣು ಕೊನೆಗೇ ಇಡೋದು. ಮೈಬಣ್ಣ ಹಾಕಿ ಒಂದಿನ ಬಿಡಬೇಕು, ಇಲ್ಲಾಂದ್ರೆ ಕಪ್ಪು ಹರಡತ್ತೆ. ನಾಳೆ ಇಡ್ತೀನಿ ಅಂದೆ. ಇವತ್ತೇ ಮುಗಿಸು ಅಂದ್ರು ಮಾವ."

"ಯಾಕಂತೆ?"

"ಹೇಳಲಿಲ್ಲ. ಪಕ್ಕದಲ್ಲೇ ಕೂತು, ರಟ್ಟಿನಲ್ಲಿ ಗಾಳಿ ಬೀಸಿ ಒಣಗಿಸಿದ್ರು. ಚೆನ್ನಾಗಿ ಬಂದಿದೆ ಅಂದ್ರು. ತೆಳು ಕಾಗದ ಮುಚ್ಚಿ, ಪುಸ್ತಕ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದ್ರು. ಬಾ ಪುಟ್ಟಿ, ಒಂದಿಷ್ಟು ಕಾಗದ ಒತ್ತಿಬಿಡೋಣ ಅಂದ್ರು..."

ಅವಳು ಬ್ಯಾಂಡೇಜಿನ ಕೈಯನ್ನು ನೋಡಿದಳು.

"ಒತ್ತೋಕೆ ಅವತ್ತು ಏನೂ ಇರಲಿಲ್ಲ ಅಕ್ಕ," ಎಂದಳು.

ಅಳು ಬರಲಿಲ್ಲ. ಬೇರೆಯವರ ಪುಸ್ತಕ ಮುಟ್ಟಬೇಡ ಎಂದು ಮಾವ ಹೇಳಿದ್ದು, ನನ್ನ ಕೈ ನನ್ನದು ಎಂದು ತಾನು ಅಂದದ್ದು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ಅಕ್ಕ ಬರೆದುಕೊಂಡರು. ಎಡಗೈ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡರು. ಮಧ್ಯಾಹ್ನ ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು: ಬೇಕೆಂದೇ ತೀವ್ರ ಗಾಯಪಡಿಸಿದ್ದು.

ಬಂಧಿಸಲು ಹೋದಾಗ ಮಾವ ಭೂತಗನ್ನಡಿ ಹಿಡಿದು ಆ ಪುಸ್ತಕವನ್ನೇ ನೋಡುತ್ತಿದ್ದರು.

"ಎರಡು ಬೆರಳು ಹೋಗಿದೆ," ಎಂದರು ಇನ್‌ಸ್ಪೆಕ್ಟರ್.

"ಎರಡೇನಾ?"

ಉದ್ದಣ್ಣ ಮುಂದೆ ಬಂದ. ಇನ್‌ಸ್ಪೆಕ್ಟರ್ ಅವನ ತೋಳು ಹಿಡಿದು ನಿಲ್ಲಿಸಿದರು. ಇಲ್ಲದಿದ್ದರೆ ಅಲ್ಲೇ ಇನ್ನೊಂದು ಆಸ್ಪತ್ರೆ ಮೆಮೊ ಹುಟ್ಟುತ್ತಿತ್ತು.

ಠಾಣೆಯಲ್ಲಿ ಮಾವ ಏನನ್ನೂ ಮುಚ್ಚಿಡಲಿಲ್ಲ. ಪುಸ್ತಕ ಪೂರ್ತಿಯಾಗಿತ್ತು, ಅಂಥದ್ದು ಜಗತ್ತಿನಲ್ಲಿ ಒಂದೇ ಇರಬೇಕಿತ್ತು. ಹುಡುಗಿ ಗಿರಣಿಯವರ ಕೆಲಸಕ್ಕೆ ಹೋಗಿದ್ದರೆ ಎರಡಾಗುತ್ತಿತ್ತು.

"ಸಾಕಿದ ಮಗು ಅಲ್ವೇನ್ರೀ?"

"ಸಾಕಿದ್ದೇ ಅದಕ್ಕೆ. ತಂಗಿ ತೀರಿಕೊಂಡಾಗ ಮನೇಲಿ ಇಬ್ಬರು ಮಕ್ಕಳಿದ್ರು, ಇವಳು ಮತ್ತು ಇವಳ ತಮ್ಮ. ಇಬ್ಬರ ಕೈಗೂ ಕುಂಚ ಕೊಟ್ಟು, ಒಂದು ಗೆರೆಯೊಳಗೆ ಬಣ್ಣ ತುಂಬಿ ಅಂದೆ. ಇವಳು ಗೆರೆ ದಾಟಲಿಲ್ಲ. ಕರ್ಕೊಂಡು ಬಂದೆ."

"ಆ ಹುಡುಗ?"

"ಬಸ್ಸಿನ ಹಿಂದೆ ಓಡಿಬಂದ ಸ್ವಲ್ಪ ದೂರ."

"ಈಗೆಲ್ಲಿದ್ದಾನೆ?"

ಮುದುಕರು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು.

"ಗೊತ್ತಿಲ್ಲ," ಎಂದರು. "ಅವನ ಕೈ ನಡುಗ್ತಿತ್ತು."

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆಸಿದರು.