ಮಡಿಲಿಗೆ ಇಳಿದ ಲಿಂಗ

ಮಾನಮ್ಮ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡಿರಲಿಲ್ಲ. ಮಡಿಲಲ್ಲಿ ಬಿಳಿ ವಸ್ತ್ರ ಹಾಸಿ, ಅದರ ಮೇಲಿಟ್ಟು ಪೂಜೆ ಮಾಡುತ್ತಿದ್ದಳು. ಅದನ್ನು ಕಂಡು ಸೊಸೆ ಗುರುದೇವಿ ಬಾಗಿಲಲ್ಲೇ ನಿಂತುಬಿಟ್ಟಳು. ಜ್ವರದಲ್ಲಿ ಮೈ ಕೆಂಡವಾಗಿದ್ದ ದಿನವೂ ಅತ್ತೆ ಲಿಂಗವನ್ನು ಅಂಗೈಯಲ್ಲೇ ಹಿಡಿದು, ಕಣ್ಣು ಕದಲಿಸದೆ ಅದನ್ನೇ ದಿಟ್ಟಿಸುತ್ತಿದ್ದಳು. ಶಿವನಿಗೆ ಅಂಗೈಯೇ ಗುಡಿ ಎಂದು ನಂಬಿದ ಜೀವ ಅದು. ಇಂದೇಕೆ ಹೀಗೆ...

ಕಗ್ಗದಾಸಪುರದ ಆ ವೃದ್ಧಾಶ್ರಮ ಹೊರಗಿನಿಂದ ತಣ್ಣಗೆ ಕಾಣುತ್ತಿತ್ತು. ಗೇಟಿನ ಬಳಿ ದಾಸವಾಳ, ಒಳಗೆ ಫಿನಾಯಿಲ್ ವಾಸನೆ, ಸಾಲು ಮಂಚಗಳು. ಅಷ್ಟೊಂದು ಮುದುಕಿಯರಿದ್ದರೂ ಒಂದು ಮಾತಿಲ್ಲ. ಆಯಾ ಗಂಗಾ ಬಕೆಟ್ ಕೆಳಗಿಟ್ಟ ಸದ್ದಿಗೆ ಸಾಲಿನುದ್ದಕ್ಕೂ ಹೊದಿಕೆಗಳು ಗದ್ದದವರೆಗೆ ಏರಿದವು. ಭಾನುವಾರ ಬಂದುಹೋಗುವ ಮಕ್ಕಳು ಅದನ್ನು ಶಿಸ್ತು ಎಂದುಕೊಳ್ಳುತ್ತಿದ್ದರು. ಮಾನಮ್ಮನ ಮಗ ಶರಣಪ್ಪನೂ ಹಾಗೆಯೇ ಅಂದುಕೊಂಡಿದ್ದ.

ಯಾದಗಿರಿ ಕಡೆಯಿಂದ ಬಂದ ಅವನು ಇಂದಿರಾನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಕೃಷ್ಣರಾಜಪುರದಲ್ಲಿ ಬಾಡಿಗೆ ಮನೆ. ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಹಗಲು ನೋಡಿಕೊಳ್ಳುವವರಿರಲಿಲ್ಲ. ಗುರುದೇವಿಗೂ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಎದ್ದು ಓಡಾಡುವಂತಾದ ಮೇಲೆ ಕರೆದೊಯ್ಯುತ್ತೇನೆ ಎಂದು ಹೇಳಿ, ದೀಪಾವಳಿ ಕಳೆದ ಮೇಲೆ ಇಲ್ಲಿ ಬಿಟ್ಟುಹೋಗಿದ್ದ.

"ಅತ್ತಿ, ಎಡಗೈ ಯಾಕ ಎತ್ತವಲ್ರಿ?" ಗುರುದೇವಿ ಹತ್ತಿರ ಕುಳಿತಳು.

"ಏನಿಲ್ಲವ್ವ. ಥಂಡಿಗೆ ಸೆಳೀತದ."

ಗುರುದೇವಿ ಎಡಗೈ ಮುಚ್ಚಿದ್ದ ಸೆರಗನ್ನು ಮೆಲ್ಲಗೆ ಸರಿಸಿದಳು. ಮಣಿಕಟ್ಟಿನ ಸುತ್ತ ಬಟ್ಟೆ ಬಿಗಿದು ಕಟ್ಟಿದ ಕಂದು ಗುರುತು. ಅಲ್ಲಿಂದ ಮೊಣಕೈವರೆಗೆ ನೀಲಿ, ಹಳದಿ... ಹಳೆಯ ಏಟಿನ ಮೇಲೆ ಹೊಸ ಏಟು.

"ಯವ್ವಾ, ಯಾರು ಹೊಡದ್ರು?" ಹಣ್ಣಿನ ಚೀಲ ಹಿಡಿದು ಹಿಂದೆಯೇ ಬಂದಿದ್ದ ಶರಣಪ್ಪ ಮಂಚದತ್ತ ಬಾಗಿದ.

"ಬಿದ್ದೀನಪ. ಹಣ್ಣು ತಂದೀಯೇನು? ಮುನಿಯಮ್ಮಗೂ ಒಂದು ಕೊಡು."

ಪಕ್ಕದ ಮಂಚದಲ್ಲಿದ್ದ ಹಲಸೂರಿನ ದೊಡ್ಡಮುನಿಯಮ್ಮ ಹಣ್ಣು ಮುಟ್ಟಲಿಲ್ಲ. ಗಂಗಾ ಹೊರಗೆ ಹೋಗುವವರೆಗೂ ಕಾದು ಹೊದಿಕೆಯೊಳಗಿಂದ ಪಿಸುಗುಟ್ಟಿದಳು.

"ಪೂಜೆ ಆಗ್ದೆ ತುತ್ತು ಮುಟ್ಟಲ್ಲ ಅಂತಾಳಲ್ಲಪ್ಪ ನಿಮ್ಮವ್ವ. ಅವ್ರಿಗೆ ತಿಂಡಿ ತಟ್ಟೆ ಬೇಗ ತೊಳೆದಾಗ್ಬೇಕು. ಕೈ ಮಂಚಕ್ಕೆ ಕಟ್ಟಿ ಸೌಟಲ್ಲಿ ಬಾಯಿಗೆ ತುರುಕ್ತಾರೆ. ಉಗುಳಿದ್ರೆ ಅದೇ ಸೌಟಲ್ಲಿ ಬಾರಿಸ್ತಾರೆ. ನಾನ್ ಹೇಳ್ದೆ ಅನ್ಬೇಡಿ... ನನ್ ನೋಡೋಕೆ ಯಾರೂ ಬರಲ್ಲ."

ಶರಣಪ್ಪನ ಕೂಗಿಗೆ ಮೇಲ್ವಿಚಾರಕಿ ಬಂದಳು. "ವಯಸ್ಸಾದೋರ ಚರ್ಮ ಸಾರ್, ಮುಟ್ಟಿದ್ರೂ ಕಪ್ಪಾಗುತ್ತೆ. ಇಷ್ಟ ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ."

ಅವಳ ಹಿಂದೆ ನಿಂತಿದ್ದ ಗಂಗಾ ತಲೆ ತಗ್ಗಿಸಲಿಲ್ಲ. "ಸೇರಿಸೋ ದಿನ ನೀವೇ ಹೇಳಿದ್ರಲ್ಲ ಸಾರ್, ಇದೇ ಬಾಗಿಲಲ್ಲಿ ನಿಂತ್ಕೊಂಡು. ಪೂಜೆ ಗೀಜೆ ಅಂತ ಹೊಟ್ಟೆಗೆ ತಿನ್ನಲ್ಲ, ಹಟ ಜಾಸ್ತಿ, ಸ್ವಲ್ಪ ಜೋರು ಮಾಡಿ ಅಂತ. ಅಜ್ಜೀನೂ ಕೇಳಿಸ್ಕೊಂಡ್ರು."

ಹೌದು, ಹೇಳಿದ್ದ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಬಾರದಲ್ಲ ಎಂಬ ಆತಂಕದಲ್ಲಿ, ಆಟೋ ಕಾಯುತ್ತಿದ್ದ ಅವಸರದಲ್ಲಿ ಹೇಳಿದ್ದ. ಶರಣಪ್ಪ ಮಂಚದ ಅಂಚಿನಲ್ಲಿ ಕುಳಿತ.

"ನಾ ಹೊಡೀರಿ ಅಂದಿದ್ದಿಲ್ಲ, ಯವ್ವಾ..."

ಮಾನಮ್ಮ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳಲು ತಡಕಾಡುತ್ತಿದ್ದಳು. ಒಂದೇ ಕೈಗೆ ಗಂಟು ಬೀಳುತ್ತಿರಲಿಲ್ಲ.

"ನನಗ ಹ್ಯಾಂಗ ತಿಳೀಬೇಕೋ ತಮ್ಮಾ? ನೀ ಹೇಳಿ ಹೋದಿ, ಅವರು ಮಾಡ್ಲಾಕತ್ತರು. ಮಗ ಹೇಳಿದ್ದು ಅಂತ ಸುಮ್ನಾದೆ. ಶಿವನ ಮುಂದ ಹೇಳ್ಕೋಬೇಕು ಅನಸ್ತಿತ್ತು. ಹೇಳಿದ್ರ ನಿನಗ ಕೆಡಕಾಗ್ತದ ಅಂತ ಅಲ್ಲೂ ಹೇಳಿಲ್ಲ."

ಗುರುದೇವಿ ಅತ್ತೆಯ ಕೊರಳ ಹಿಂದೆ ಗಂಟು ಹಾಕಿ, ಬಟ್ಟೆಬರೆ ಚೀಲಕ್ಕೆ ತುಂಬಿದಳು. ಹೊರಡುವಾಗ ದೊಡ್ಡಮುನಿಯಮ್ಮ ಅವಳ ಸೆರಗಿನ ತುದಿ ಹಿಡಿದಳು.

"ಅಜ್ಜಿ, ಹೋಗ್ತಾ ಪೊಲೀಸ್ ಠಾಣೆಗೆ ಹೇಳಿ ಹೋಗ್ತೀವಿ."

"ಹೇಳಿ. ಆದ್ರೆ ಅವ್ರು ಬರೋ ಗಂಟ ನಾವು ಇಲ್ಲೇ ಇರ್ಬೇಕಲ್ಲವ್ವ."

ಪಡಸಾಲೆಯಲ್ಲಿ ಬಕೆಟ್ ಸದ್ದಾಯಿತು. ಸೆರಗು ಹಿಡಿದಿದ್ದ ಕೈ ತಾನಾಗಿಯೇ ಸಡಿಲಿತು.

ಠಾಣೆಯಲ್ಲಿ ದೂರು ತೆಗೆದುಕೊಂಡರು, ನೋಡೋಣ ಎಂದರು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಗುರುದೇವಿ ವಿಭೂತಿ, ನೀರು, ಹೂವು ಅಣಿಮಾಡಿದಳು. ಮಾನಮ್ಮನ ಪಟ್ಟಿ ಕಟ್ಟಿದ ಎಡಗೈ ಮೇಲೇಳಲಿಲ್ಲ. ಸ್ನಾನ ಮುಗಿಸಿ ಬಂದ ಶರಣಪ್ಪ ತಾಯಿಯ ಎದುರು ಕುಳಿತು, ಆ ಕೈಗೆ ಆಸರೆಯಾಗಲೆಂದು ತನ್ನ ಅಂಗೈ ಚಾಚಿದ.

ಮಾನಮ್ಮ ತಟ್ಟನೆ ಬಲಗೈ ಮಡಚಿ ಮುಖ ಮುಚ್ಚಿಕೊಂಡಳು.

ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಾಗೆಯೇ ಹಿಡಿದು ಕುಳಿತ. ಒಲೆಯ ಮೇಲಿನ ಅನ್ನ ಉಕ್ಕಿತು, ಇಳಿಯಿತು. ಬಹಳ ಹೊತ್ತಿನ ಮೇಲೆ ನೊಂದ ಕೈ ಮಗನ ಅಂಗೈ ಮೇಲೆ ಬಂದು ಕೂತಿತು; ಅದರ ಮೇಲೆ ಲಿಂಗ ಕೂತಿತು. ಗುರುದೇವಿ ಕೈಮುಗಿದಳು.

ಆದರೆ ಜ್ವರದಲ್ಲೂ ಲಿಂಗ ಬಿಟ್ಟು ಕದಲದಿದ್ದ ಆ ಕಣ್ಣುಗಳು ಅಂದು, ಎಲ್ಲಿ ಬಿಗಿಯುತ್ತವೋ ಎಂದು, ಮಗನ ಬೆರಳುಗಳನ್ನೇ ಕಾಯುತ್ತಿದ್ದವು.